ಜಿಂದಾ ವಿಳಾಸಗಳು

ದೆಹಲಿಯ ಕರೋಲ್ ಬಾಗಿನ ಆ ನೆಲಮಾಳಿಗೆಯ ವಾಸನೆ ನನಗೆ ಇವತ್ತಿಗೂ ಮರೆತುಹೋಗಿಲ್ಲ. ಮೇಲೆ ಮದುವೆ ಲೆಹೆಂಗಾ ಮಾರುವ ಅಂಗಡಿ, ಅದರ ಪಕ್ಕದ ಸಂದಿಯಿಂದ ಕೆಳಕ್ಕಿಳಿಯುವ ಮೆಟ್ಟಿಲು, ಮೆಟ್ಟಿಲಿನ ಎರಡೂ ಗೋಡೆಗಳ ಮೇಲೆ ಗುಟ್ಕಾ ಉಗುಳಿದ ಕೆಂಪು. ಕೆಳಗೆ ನಮ್ಮ ಆಫೀಸು. ಶೌಚಾಲಯದ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸರ್ವರ್‌ಗಳು ಕಾಯದಿರಲೆಂದು ಹಾಕಿದ್ದ ಏಸಿ ಆ ನಾತವನ್ನು ತಣ್ಣಗೆ ಮಾಡಿ ಎಲ್ಲರ ಮೇಜಿಗೂ ಸಮವಾಗಿ ಹಂಚುತ್ತಿತ್ತು. ಮೊದಲ ದಿನ ನನಗೆ ಊಟದ ಡಬ್ಬಿ ತೆರೆಯಲಾಗಲಿಲ್ಲ, ಹಾಗೇ ಮನೆಗೆ ವಾಪಸು ತಂದೆ. ಒಂದು ತಿಂಗಳಾಗುವಷ್ಟರಲ್ಲಿ ಅಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಯೋಚಿಸಿದರೆ ಆ ನಾತಕ್ಕಿಂತ, ಅದು ನನಗೆ ಅಭ್ಯಾಸವಾಗಿಹೋದದ್ದೇ ಹೆಚ್ಚು ಹೇಸಿಗೆ ಅನ್ನಿಸುತ್ತದೆ.

ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಅವರಿಗೆ ದೆಹಲಿಗೆ ವರ್ಗವಾದಾಗ ನಾನು ತುಮಕೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಕೆಲಸ ಬಿಟ್ಟು ಜೊತೆಗೆ ಹೊರಟು ಬಂದೆ. ಜನಕಪುರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಮೆಟ್ರೋ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ರಸ್ತೆಯ ನಡುವೆ ಅದರ ಕಂಬಗಳು ಏಳುತ್ತಿದ್ದವು, ಬಸ್ಸುಗಳು ಆ ಧೂಳಿನಲ್ಲಿ ತೆವಳುತ್ತಿದ್ದವು. ಪತ್ರಿಕೆಯ ಪುಟ್ಟ ಜಾಹೀರಾತು ನೋಡಿ ನಾನು ಕರೋಲ್ ಬಾಗಿನ ಈ ಕೆಲಸಕ್ಕೆ ಸೇರಿದೆ: ಮೇಲ್ ಸರ್ವರ್, ಅಂದರೆ ಇಮೇಲ್ ಕಳಿಸುವ ಯಂತ್ರ, ನೋಡಿಕೊಳ್ಳುವುದು.

ಕೆಲಸ ಮಾತ್ರ ನನಗೆ ನಿಜವಾಗಿಯೂ ಇಷ್ಟವಾಗಿತ್ತು. ಒಂದು ಮೇಲ್ ಕಳಿಸುವುದು ಯಾರಿಗೂ ಕಷ್ಟವಲ್ಲ, ದಿನಕ್ಕೆ ಲಕ್ಷಗಟ್ಟಲೆ ಕಳಿಸಿ ಅಷ್ಟೂ ಮುಟ್ಟುವಂತೆ ಮಾಡುವುದು ಕಷ್ಟ. ಹೊರಗಿನ ದೊಡ್ಡ ಮೇಲ್ ಕಂಪನಿಗಳು ನಮ್ಮ ಯಂತ್ರಕ್ಕಿರುವ ನಂಬರನ್ನು ಗುರುತಿಟ್ಟುಕೊಂಡಿರುತ್ತವೆ. ಮೈಮೇಲೆ ಬಿದ್ದ ಹಾಗೆ ಒಟ್ಟಿಗೆ ಕಳಿಸಿದರೆ ಬಾಗಿಲು ಹಾಕಿಬಿಡುತ್ತವೆ. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ವೇಗ ಗೊತ್ತುಮಾಡಬೇಕು, ಮುಟ್ಟದೆ ಉಳಿದದ್ದನ್ನು ಸಾಲಿನಲ್ಲಿ ಕಾಯಿಸಿ ಮತ್ತೆ ಪ್ರಯತ್ನಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅಳಿಸುವುದು. ಇಲ್ಲದ ವಿಳಾಸದಿಂದ ಮೇಲ್ ಹಿಂತಿರುಗಿತೇ, ಆ ವಿಳಾಸ ಅಳಿಸಬೇಕು. ಯಾರಾದರೂ ನನಗೆ ಬೇಡ ಅಂದರೇ, ಅವರದನ್ನೂ ಅಳಿಸಬೇಕು. ಇಷ್ಟು ಮರ್ಯಾದೆಯಿಂದ ನಡೆದುಕೊಂಡರೆ ಸರ್ವರ್ ವರ್ಷಗಟ್ಟಲೆ ಆರೋಗ್ಯವಾಗಿರುತ್ತದೆ.

ನಮ್ಮಲ್ಲಿ ಎರಡು ಬಗೆಯ ಮೇಲ್ ಹೋಗುತ್ತಿತ್ತು. ಒಂದು, ರಕ್ತಪರೀಕ್ಷೆಯ ಲ್ಯಾಬೊಂದರ ವರದಿಗಳು. ಜನ ಕಾದು ಕೂತು ತೆರೆಯುವಂಥವು. ಎರಡನೆಯದು ಜಾಹೀರಾತು: ವಧೂವರರ ಸೈಟುಗಳು, ಸಾಲ, ಕೂದಲೆಣ್ಣೆ, ತೂಕ ಇಳಿಸುವ ಚಹಾ. ಒಂದರ ಕೊಳೆ ಇನ್ನೊಂದಕ್ಕೆ ತಗುಲಬಾರದೆಂದು ನಾನು ಲ್ಯಾಬಿಗೆ ಬೇರೆ ಯಂತ್ರ, ಬೇರೆ ನಂಬರು ಮಾಡಿಕೊಟ್ಟೆ. ಆ ಯಂತ್ರದಿಂದ ಹೊರಟ ವರದಿ ಮುಟ್ಟದೆ ಉಳಿದದ್ದಿಲ್ಲ.

ಮಾಲೀಕ ನಲವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಬಿಳಿ ಶರಟು, ಮೂರು ಮೇಜಿನಾಚೆಗೂ ಹೊಡೆಯುವ ಸೆಂಟು. ಸಮೋಸ ತಿಂದ ಕೈಯಲ್ಲೇ ಬೇರೆಯವರ ಕೀಬೋರ್ಡ್ ಒತ್ತುತ್ತಿದ್ದ. ಮಾತಾಡುವಾಗ ಕಾರಿನ ಕೀಲಿಯಿಂದ ಕಿವಿ ಕೆರೆದುಕೊಂಡು, ಕೀಲಿಯ ತುದಿಯನ್ನು ನೋಡಿ, ಮತ್ತೆ ಮಾತು ಮುಂದುವರಿಸುತ್ತಿದ್ದ. ನನ್ನನ್ನು ಮಾತ್ರ ಗೌರವವಾಗಿ ‘ಮೇಡಂ’ ಎಂದೇ ಕರೆಯುತ್ತಿದ್ದ. ವಿಳಾಸಗಳನ್ನು ಅವನು ಕಂಪ್ಯೂಟರ್ ಮಾರುಕಟ್ಟೆಯಾದ ನೆಹರೂ ಪ್ಲೇಸಿನ ಫುಟ್‌ಪಾತಿನಲ್ಲಿ ಸಿಡಿಗಟ್ಟಲೆ ಕೊಂಡು ತರುತ್ತಿದ್ದ. ಮೂಲಂಗಿ ಮಾರುವ ಹಾಗೆ ಅಲ್ಲಿ ಅವನ್ನು ಮಾರುತ್ತಿದ್ದರು: ಡಾಕ್ಟರುಗಳ ಸಿಡಿ, ಕಾರಿರುವವರ ಸಿಡಿ, ಮದುವೆಗಿರುವ ಹೆಣ್ಣುಮಕ್ಕಳ ಸಿಡಿ.

ಜಾಹೀರಾತಿಗೆ ಜನ ಬರೆದ ಉತ್ತರಗಳೆಲ್ಲ ಒಂದು ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಅದನ್ನು ಯಾರೂ ತೆರೆಯುವುದಿಲ್ಲ ಎಂದುಕೊಂಡಿದ್ದೆ. ಬೇಡವೆಂದವರನ್ನು ಅಳಿಸಬೇಕೆಂದು ನಾನು ತೆರೆದೆ. ಮುಕ್ಕಾಲು ಪಾಲು ಬೈಗುಳ. ತಾಯಿಯನ್ನೂ ತಂಗಿಯನ್ನೂ ಎಳೆದು ತಂದ ಬೈಗುಳ, ಎರಡು ಭಾಷೆಯಲ್ಲಿ. ಓದಿ ಓದಿ ಬಾಯಿ ಕಹಿಯಾಗುತ್ತಿತ್ತು. ಅವರು ಬೈಯುವುದರಲ್ಲಿ ತಪ್ಪೂ ಇರಲಿಲ್ಲ. ದಿನಾ ಬೆಳಿಗ್ಗೆ ನಾನು ಆ ವಿಳಾಸಗಳನ್ನು ಹೆಕ್ಕಿ ತೆಗೆದು ಅಳಿಸುತ್ತಿದ್ದೆ.

ಹಾಗೆ ಅಳಿಸುತ್ತಿದ್ದಾಗ ಒಂದು ಬೆಳಿಗ್ಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಸಿಕ್ಕಿತು. ಆಗ ಕಂಪ್ಯೂಟರಿನಲ್ಲಿ ನಾವೆಲ್ಲ ಕನ್ನಡ ಬರೆಯುತ್ತಿದ್ದದ್ದೇ ಹಾಗೆ.

“ನೀವು ಯಾರೋ ಗೊತ್ತಿಲ್ಲ. ಇಂಗ್ಲಿಷಲ್ಲಿ ಬರೆದೆ, ಹಿಂದೀಲಿ ಬರೆದೆ, ನಿಮಗೆ ಅರ್ಥ ಆಗಲಿಲ್ಲ. ನನ್ನ ಮಗಳು ತೀರಿಕೊಂಡಿದಾಳೆ. ಅವಳಿಗೆ ಗಂಡು ತೋರಿಸೋದು ನಿಲ್ಲಿಸಿ. ನಿಮ್ಮ ಮನೇಲೂ ಹೆಣ್ಣುಮಕ್ಕಳಿರಬಹುದು.”

ನಾನು ಆ ಸಾಲುಗಳನ್ನು ಇನ್ನೊಂದು ಸಲ ಓದಿದೆ. ಆಮೇಲೆ ಆ ವಿಳಾಸವನ್ನು ಎಲ್ಲ ಕಡೆಯಿಂದಲೂ ಹುಡುಕಿ ಅಳಿಸಿ, ಆಕೆಗೆ ಕನ್ನಡದಲ್ಲೇ ಉತ್ತರ ಬರೆದೆ. “ಅಮ್ಮ, ನಾನು ಇಲ್ಲಿ ಸರ್ವರ್ ನೋಡಿಕೊಳ್ಳುವವಳು. ನಿಮ್ಮ ವಿಳಾಸ ತೆಗೆದಿದ್ದೇನೆ. ಇನ್ನು ಬರುವುದಿಲ್ಲ.”

ಎರಡು ವಾರ ಕಳೆಯಿತು. ಆಕೆಯ ಇನ್ನೊಂದು ಮೇಲ್ ಬಂತು. “ಬರಲ್ಲ ಅಂತ ಹೇಳಿದ್ದಿರಿ. ಮೊದಲು ಗಂಡುಗಳು ಮಾತ್ರ ಬರ್ತಿದ್ದವು. ಈಗ ಕೂದಲೆಣ್ಣೆ, ಸಾಲ, ಇನ್ನೂ ಹೇಳಬಾರದ್ದೆಲ್ಲ ಬರ್ತಾ ಇದೆ. ಉತ್ತರ ಕೊಟ್ಟಿದ್ದೇ ತಪ್ಪಾಯ್ತೇನೋ.”

ಆಕೆ ಅಂದಾಜಿನಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿತ್ತು. ಹುಡುಕಿದಾಗ ಆ ವಿಳಾಸ ಸಿಕ್ಕಿದ್ದು ನಾನು ಹಿಂದೆಂದೂ ನೋಡಿರದ ಒಂದು ಫೈಲಿನಲ್ಲಿ. ಫೈಲಿನ ಹೆಸರು ‘ಜಿಂದಾ’. ಜೀವಂತ ಎಂದು. ಉತ್ತರಗಳ ಪೆಟ್ಟಿಗೆಗೆ ಬರೆದವರೆಲ್ಲ, ಬೈದವರು, ಬೇಡಿಕೊಂಡವರು, ಎಲ್ಲರೂ ಅದರಲ್ಲಿದ್ದರು. ನಾನು ಹೆಕ್ಕಿ ತೆಗೆದು ಅಳಿಸಿದವರೂ ಇದ್ದರು. ನನ್ನ ಕಡೆಯಿಂದ ಅಳಿಸಿದ್ದನ್ನು ಮಾಲೀಕ ಇನ್ನೊಂದು ಕಡೆ ಕೂಡಿಡುತ್ತಿದ್ದ.

ನಾನು ಎದ್ದು ಅವನ ಗಾಜಿನ ಕೋಣೆಗೆ ಹೋದೆ.

“ಸರ್, ಬೇಡ ಅಂದೋರನ್ನ ಅಳಿಸಬೇಕು. ನೀವು ಅವರಿಗೇ ಜಾಸ್ತಿ ಕಳಿಸ್ತಿದೀರಿ.”

“ಅರೇ ಮೇಡಂ, ಕೂತ್ಕೊಳಿ,” ಎಂದ. “ಸಿಡಿಯಲ್ಲಿ ಬರೋದ್ರಲ್ಲಿ ಅರ್ಧ ಸತ್ತ ವಿಳಾಸ. ಯಾರು ತೆರೀತಾರೆ, ಯಾರು ಓದ್ತಾರೆ ಅಂತ ಜಾಹೀರಾತು ಕೊಡೋ ಯಾವ ಪಾರ್ಟಿಗೂ ಗೊತ್ತಿಲ್ಲ. ಬೈದ ಅಂದ್ರೆ ಏನರ್ಥ? ಓದಿದ ಅಂತ. ಜೋ ಜವಾಬ್ ದೇ, ವೋ ಜಿಂದಾ. ಉತ್ತರ ಕೊಟ್ಟೋನೇ ಜೀವಂತ. ಜಿಂದಾ ವಿಳಾಸಕ್ಕೆ ರೇಟೇ ಬೇರೆ. ಬೇರೆ ಕಂಪನಿಯವರೂ ಕೊಂಡ್ಕೋತಾರೆ.”

“ಅದರಲ್ಲೊಂದು ವಿಳಾಸದ ಹುಡುಗಿ ಸತ್ತುಹೋಗಿದಾಳೆ ಸರ್. ಅವಳ ತಾಯಿ ಬರೆದಿದಾರೆ.”

ಅವನು ಒಂದು ಕ್ಷಣ ಕೀಲಿ ಆಡಿಸುವುದನ್ನು ನಿಲ್ಲಿಸಿದ. ಮುಖ ಸಪ್ಪಗೆ ಮಾಡಿಕೊಂಡು, “ಅಚ್ಛಾ, ಬಹಳ ದುಃಖದ ವಿಷಯ,” ಎಂದ. ಆಮೇಲೆ ಹೇಳಿದ: “ಆದ್ರೆ ತಾಯಿ ಓದ್ತಾರಲ್ಲ? ಅಂದ್ರೆ ವಿಳಾಸ ಜಿಂದಾನೇ.”

ಅವನು ತಮಾಷೆ ಮಾಡಿರಲಿಲ್ಲ. ನನಗೊಂದು ವ್ಯಾಪಾರದ ಪಾಠ ಹೇಳಿಕೊಟ್ಟಿದ್ದ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. “ಬಿಟ್ಟುಬಿಡು,” ಎಂದರು. ನಾನು ಬಿಟ್ಟರೆ ಅವನು ಇನ್ನೊಬ್ಬರನ್ನು ತಂದು ಕೂರಿಸುತ್ತಾನೆ, ಆ ತಾಯಿಗೆ ಬರುವುದು ನಿಲ್ಲುವುದಿಲ್ಲ ಎಂದೆ. ಮಾರನೆಯ ದಿನ ಜಾಹೀರಾತಿನ ಯಂತ್ರದ ಬಾಗಿಲಲ್ಲೇ ತಡೆ ಹಾಕಿದೆ. ಯಾವ ಫೈಲಿನಿಂದ ಬರಲಿ, ಬೇಡ ಎಂದವರ ವಿಳಾಸವಾದರೆ ಯಂತ್ರ ಆ ಮೇಲನ್ನು ಹೊರಕ್ಕೆ ಬಿಡುತ್ತಿರಲಿಲ್ಲ, ಸದ್ದಿಲ್ಲದೆ ಬಿಸಾಡುತ್ತಿತ್ತು. ಕೆಲವು ದಿನ ನೆಮ್ಮದಿಯಾಗಿತ್ತು. ಬೈಗುಳ ಕಡಿಮೆಯಾಯಿತು. ಮಾಲೀಕನೂ ಏನೂ ಕೇಳಲಿಲ್ಲ. ಗೆದ್ದೆ ಎಂದುಕೊಂಡೆ.

ಆಗ ಆ ತಾಯಿಯ ಮೂರನೆಯ ಮೇಲ್ ಬಂತು. ಅದು ಬಲು ಚಿಕ್ಕದು. “ನಿನ್ನೆ ನಿಮ್ಮ ಕಸ ಅಳಿಸುವಾಗ ನನ್ನ ಮಗಳ ಕಾಗದವೂ ಅಳಿಸಿಹೋಯ್ತು. ಈಗ ನಿಮಗೆ ಸಮಾಧಾನ ಆಯ್ತಾ?”

ನನಗೆ ಏನೂ ಅರ್ಥವಾಗಲಿಲ್ಲ. ತಡೆ ಹಾಕಿದ ಮೇಲೂ ಕಸ ಹೋದದ್ದು ಹೇಗೆ? ಯಾವ ಕಾಗದ? ನನ್ನ ಮನೆಯ ಫೋನ್ ನಂಬರು ಬರೆದು, ದಯವಿಟ್ಟು ಮಾತಾಡಿ ಎಂದು ಕೇಳಿಕೊಂಡೆ. ಮಾರನೆಯ ಸಂಜೆ ಆಕೆ ಫೋನ್ ಮಾಡಿದರು. ದನಿ ಮೆತ್ತಗಿತ್ತು, ಮೈಸೂರಿನ ಕಡೆಯ ಮಾತು. ಮನೆ ದೆಹಲಿಯಲ್ಲೇ, ಪೀತಮ್‌ಪುರದಲ್ಲಿ. ಭಾನುವಾರ ನಾನು, ನನ್ನ ಗಂಡ ಬಸ್ಸು ಬದಲಿಸಿಕೊಂಡು ಹೋದೆವು.

ಮೊದಲ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದವರು ಆ ತಾಯಿಯೇ. ಅವರೂ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕ್ಲಾರ್ಕ್ ಆಗಿ ದುಡಿದವರು, ಬೇಗ ನಿವೃತ್ತಿ ತೆಗೆದುಕೊಂಡಿದ್ದರು. ಯಜಮಾನರು ಒಳಗಿನ ಕೋಣೆಯಲ್ಲಿ ಟೀವಿಯ ಮುಂದೆ ಕೂತಿದ್ದರು. ನಮಸ್ಕಾರ ಎಂದೆವು, ತಲೆಯಾಡಿಸಿದರು, ಮತ್ತೆ ಟೀವಿಯ ಕಡೆ ತಿರುಗಿದರು.

“ಅವರು ಮಾತಾಡಲ್ಲ,” ಎಂದರು ಆಕೆ. “ಮದುವೆ ಸೈಟಿಗೆ ಅವಳ ವಿಳಾಸ ಕೊಟ್ಟಿದ್ದು ಅವರೇ. ಅವಳು ಹೋದ ಮೇಲೆ ಈ ಕಂಪ್ಯೂಟರ್ ಹತ್ತಿರಕ್ಕೇ ಬರಲ್ಲ.”

ಚಹಾ ಕೊಟ್ಟು, ಹೇಳಬೇಕಾದ್ದನ್ನು ಆಕೆ ನೇರವಾಗಿ ಹೇಳಿದರು. ಮಗಳು ಒಬ್ಬಳೇ. ಓದು ಮುಗಿಸಿ ಪುಣೆಗೆ ಕೆಲಸಕ್ಕೆ ಹೋದಳು. ಅಲ್ಲಿಂದ ಆಫೀಸಿನ ವಿಳಾಸದಿಂದ, ಮನೆಯಲ್ಲಿ ಎಲ್ಲರೂ ತೆರೆಯುತ್ತಿದ್ದ ತನ್ನ ಈ ಹಳೆಯ ಉಚಿತ ಮೇಲ್ ಪೆಟ್ಟಿಗೆಗೆ ಕಾಗದ ಬರೆಯುತ್ತಿದ್ದಳು. ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದರು. ರಜೆಗೆಂದು ದೆಹಲಿಗೆ ಬಂದಾಗ ಡೆಂಗ್ಯೂ ಹಿಡಿಯಿತು. ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ. ಉಳಿದದ್ದು ಈ ಪೆಟ್ಟಿಗೆಯ ಕಾಗದಗಳು.

“ಆಗಾಗ ತೆರೀದೇ ಇದ್ರೆ ಪೆಟ್ಟಿಗೆ ಮುಚ್ಚಿಬಿಡ್ತಾರಂತೆ. ತುಂಬಿಹೋದ್ರೂ ಹಳೇದನ್ನ ಅಳಿಸ್ತೀವಿ ಅಂತ ಎಚ್ಚರಿಕೆ ಕಳಿಸ್ತಾರೆ. ಅದಕ್ಕೇ ದಿನಾ ಬೆಳಿಗ್ಗೆ ಕೂತು ನಿಮ್ಮದನ್ನೆಲ್ಲ ಒಂದೊಂದಾಗಿ ಅಳಿಸ್ತೀನಿ.” ಅವರು ಕಂಪ್ಯೂಟರ್ ಹಾಕಿ ನನಗೆ ಕುರ್ಚಿ ಬಿಟ್ಟುಕೊಟ್ಟರು. “ನೀವೇ ನೋಡಿ.”

ನೋಡಿದೆ. ಪರದೆಯ ತುಂಬ ನಾವು ಕಳಿಸಿದ್ದೇ. ನಮ್ಮ ಯಂತ್ರದಿಂದ ಹೊರಡುವಾಗ ಅವೆಲ್ಲ ನನಗೆ ಬರೀ ಅಂಕಿ, ಹೋದದ್ದೆಷ್ಟು, ಉಳಿದದ್ದೆಷ್ಟು. ಇಲ್ಲಿ ಅವು ಒಂದರ ಕೆಳಗೊಂದು ಆ ಹುಡುಗಿಯ ಹೆಸರು ಹಿಡಿದು ಕೂಗುತ್ತಿದ್ದವು. ನಿನಗೆ ತಕ್ಕ ವರ ಕಾಯುತ್ತಿದ್ದಾನೆ. ನಿನ್ನ ಕೂದಲು ಉದುರುತ್ತಿದೆಯೇ. ಈ ಬೇಸಿಗೆಗೆ ಸಣ್ಣಗಾಗು. ಪುಟ ಸರಿಸಿದರೆ ಇನ್ನೊಂದು ಪುಟ, ಇನ್ನೊಂದು ಪುಟ. ನಡುವೆ ಎಲ್ಲೋ ಒಂದೊಂದು ಕಡೆ ಅವಳ ಕಾಗದ. ಹೊಲಸಿನ ಮಧ್ಯೆ ಕೈ ಹಾಕಿ ಹುಡುಕಬೇಕಾದ ಹಾಗೆ. ನನಗೆ ಆ ಮೌಸನ್ನು ಮುಟ್ಟುವುದಕ್ಕೂ ಅಸಹ್ಯವಾಯಿತು.

“ಮೊನ್ನೆ ಕಣ್ಣು ಮಂಜಾಗಿತ್ತು,” ಎಂದರು ಆಕೆ. “ಒಂದು ಪುಟ ಪೂರ್ತಿ ಗುರುತು ಹಾಕಿ ಅಳಿಸಿಬಿಟ್ಟೆ. ಅದರಲ್ಲಿ ಅವಳು ಪುಣೆಯಿಂದ ಬರೆದ ಮೊದಲನೇ ಕಾಗದ ಇತ್ತು. ಅಲ್ಲಿ ಸಾರಿಗೂ ಸಕ್ಕರೆ ಹಾಕ್ತಾರೆ ಅಮ್ಮ ಅಂತ ಬರೆದಿದ್ದಳು.”

ಪಕ್ಕದಲ್ಲಿದ್ದ ನನ್ನ ಗಂಡ ಸಮಾಧಾನಕ್ಕೆಂದು ಹೇಳಿದರು: “ನಿಮಗೆ ಪೂರ್ತಿ ನೆನಪಿರಬೇಕಲ್ಲ ಅಮ್ಮ. ಬರೆದಿಟ್ಟುಕೊಳ್ಳಬಹುದು.”

“ನೆನಪಿದೆಯಪ್ಪ. ಆದ್ರೆ ನಾನು ಬರೆದ್ರೆ ಅದು ನಾನು ಹೇಳಿದ ಹಾಗಾಗುತ್ತೆ. ಅವಳು ಹೇಳಿದ ಹಾಗಾಗಲ್ಲ.”

ಟೀವಿಯ ಸದ್ದು ನಿಂತಿತು. ಯಜಮಾನರು ಎದ್ದು ಬರುತ್ತಾರೇನೋ ಎಂದುಕೊಂಡೆ. ಬರಲಿಲ್ಲ.

ಮಧ್ಯಾಹ್ನವಿಡೀ ಕೂತು ಉಳಿದ ಕಾಗದಗಳನ್ನೆಲ್ಲ ಹೆಕ್ಕಿ ಫ್ಲಾಪಿಗಳಿಗೆ ಇಳಿಸಿದೆ. ಕೆಳಗಿನ ಮಾರ್ಕೆಟ್ಟಿನ ಸೈಬರ್ ಕೆಫೆಗೆ ನನ್ನ ಗಂಡ ಹೋಗಿ ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದರು. ಆ ತಾಯಿ ಹಾಳೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಇನ್ನು ಮೇಲೆ ಬೆಳಿಗ್ಗೆ ಅದರ ಮುಂದೆ ಕೂರಬೇಕಾಗಿಲ್ಲ, ಅಲ್ವಾ?” ಎಂದು ಕೇಳಿದರು. ಬೇಕಾಗಿಲ್ಲ ಎಂದೆ. ಅಳಿಸಿಹೋದ ಕಾಗದಕ್ಕಾಗಿ ಆ ಪೆಟ್ಟಿಗೆಯ ಕಂಪನಿಗೂ ಬರೆದೆ. ಒಮ್ಮೆ ಅಳಿಸಿದ್ದು ವಾಪಸು ಬರುವುದಿಲ್ಲ ಎಂದು ಅವರಿಂದ ಉತ್ತರ ಬಂತು.

ಆ ಮನೆಯಿಂದ ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿದ್ದೆ. ಪ್ರತಿಯೊಂದು ಇಮೇಲಿನ ಬೆನ್ನಲ್ಲೂ ಅದು ಯಾವ ಯಂತ್ರದಿಂದ ಹೊರಟಿತೆಂಬ ಗುರುತು ಇರುತ್ತದೆ. ಹೊಸದಾಗಿ ಬಂದ ಜಾಹೀರಾತುಗಳ ಗುರುತು ತೆಗೆದು ನೋಡಿದೆ. ನಾನು ತಡೆ ಹಾಕಿದ್ದ ಯಂತ್ರದ್ದಲ್ಲ, ಅದು ಲ್ಯಾಬಿನ ಯಂತ್ರದ ನಂಬರು. ರೋಗಿಗಳ ವರದಿಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದ ಯಂತ್ರದಿಂದ, ಅದರ ಒಳ್ಳೆಯ ಹೆಸರಿನ ಮರೆಯಲ್ಲಿ, ಮಾಲೀಕ ನಾನು ಮನೆಗೆ ಹೋದ ಮೇಲೆ ಕೂದಲೆಣ್ಣೆ ಕಳಿಸುತ್ತಿದ್ದ. ಅವನು ಏನೂ ಕೇಳದೆ ಸುಮ್ಮನಿದ್ದದ್ದು ಯಾಕೆಂದು ಆಗ ತಿಳಿಯಿತು.

ಸೋಮವಾರ ನಾನು ಬಾಯಿ ತೆರೆಯುವ ಮೊದಲೇ ಆಫೀಸಿನಲ್ಲಿ ಗಲಾಟೆಯಾಗಿತ್ತು. ಅಮೆರಿಕದ ದೊಡ್ಡದೊಂದು ಮೇಲ್ ಕಂಪನಿ ಲ್ಯಾಬಿನ ನಂಬರನ್ನು ಕಪ್ಪುಪಟ್ಟಿಗೆ ಹಾಕಿತ್ತು. ಆ ಕಂಪನಿಯ ಪೆಟ್ಟಿಗೆಗಳಿಗೆ ಒಂದು ವರದಿಯೂ ಮುಟ್ಟುತ್ತಿರಲಿಲ್ಲ. ಲ್ಯಾಬಿನ ಮ್ಯಾನೇಜರ್ ತಾವೇ ಬಂದು ಗಾಜಿನ ಕೋಣೆಯಲ್ಲಿ ಕೂತಿದ್ದರು. ಮಾಲೀಕ ನನ್ನನ್ನು ಕರೆದ.

“ಮೇಡಂ, ಇವರಿಗೆ ಹೇಳಿ, ಅದು ವಿದೇಶಿ ಕಂಪನಿಯ ತಪ್ಪು ಅಂತ. ಈಗಲೇ ಅವರಿಗೊಂದು ಮೇಲ್ ಬರೀರಿ. ನಮ್ಮ ಹತ್ರ ಇರೋ ವಿಳಾಸಗಳೆಲ್ಲ ತಾವಾಗೇ ಕೇಳಿ ಬಂದೋರದು, ಬೇಡ ಅಂದೋರನ್ನ ಅದೇ ದಿನ ಅಳಿಸ್ತೀವಿ ಅಂತ ಬರೀರಿ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ.”

“ನಾನು ಅಳಿಸ್ತಿದ್ದೆ ಸರ್. ನೀವು ಅದನ್ನ ಮಾರ್ತಿದ್ರಿ,” ಎಂದೆ. ಮ್ಯಾನೇಜರ್ ಕಡೆ ತಿರುಗಿ, ಅವರ ವರದಿಗಳ ಯಂತ್ರದಿಂದ ಏನೇನು ಹೋಗಿದೆಯೆಂದು ಹೇಳಿದೆ. ಆ ತಾಯಿಯ ವಿಷಯವನ್ನೂ ಹೇಳಿದೆ.

ಮಾಲೀಕ ನಕ್ಕ. “ಬಿಡಿ, ಹೆಂಗಸರಿಗೆ ಮನಸ್ಸು ಮೆದು,” ಎಂದು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ನಗಲಿಲ್ಲ. ಆದರೆ ಆ ತಾಯಿಯ ಬಗ್ಗೆಯೂ ಒಂದು ಮಾತು ಕೇಳಲಿಲ್ಲ. “ನನ್ನ ವರದಿಗಳು ಯಾವಾಗ ಹೋಗ್ತವೆ?” ಎಂದು ಮಾತ್ರ ಕೇಳಿದರು. ಅವರ ಮೇಲೂ ನನಗೆ ಅದೇ ಬಗೆಯ ಜಿಗುಪ್ಸೆ ಹುಟ್ಟಿತು.

ನಾನು ನನ್ನ ಜಾಗಕ್ಕೆ ಬಂದು ಅಮೆರಿಕದ ಕಂಪನಿಗೆ ಬರೆದೆ. ಮಾಲೀಕ ಹೇಳಿದ್ದನ್ನಲ್ಲ, ನಡೆದದ್ದನ್ನು. ಜಾಹೀರಾತನ್ನು ಯಾರೂ ಕೇಳಿರಲಿಲ್ಲ, ವಿಳಾಸಗಳು ಸಿಡಿಯಲ್ಲಿ ಕೊಂಡವು, ಬೇಡ ಎಂದವರಿಗೇ ಹೆಚ್ಚು ಕಳಿಸಲಾಗಿದೆ. ಲ್ಯಾಬಿನವರು ಇಲ್ಲಿಂದ ಹೊರಗೆ ಹೋಗಿ ತಮ್ಮದೇ ನಂಬರಿನಿಂದ ವರದಿ ಕಳಿಸಿದರೆ ದಯವಿಟ್ಟು ಅದನ್ನು ಒಳಗೆ ಬಿಡಿ. ಈ ಕಂಪನಿಯ ನಂಬರುಗಳನ್ನು ಮಾತ್ರ ಒಂದನ್ನೂ ಒಳಗೆ ಬಿಡಬೇಡಿ. ಒಳ್ಳೆಯ ಸರ್ವರ್ ನಡೆಸುವುದೆಂದರೆ ಎಲ್ಲ ಬಾಗಿಲೂ ನಮಗೆ ತೆರೆದಿರುವಂತೆ ನೋಡಿಕೊಳ್ಳುವುದು. ನಾನು ನನ್ನ ಸರ್ವರ್‌ಗೆ ಬಾಗಿಲು ಹಾಕಿ ಎಂದು ಕೇಳಿಕೊಳ್ಳುತ್ತಿದ್ದೆ. ಕಳಿಸಿದ ಮೇಲೆ ಅದರ ಪ್ರತಿಯನ್ನು ಮಾಲೀಕನಿಗೂ ಕಳಿಸಿ, ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದೆ.

ಅವನು ಮೆಟ್ಟಿಲಿನವರೆಗೂ ಹಿಂದೆ ಬಂದ. ‘ಮೇಡಂ’ ಹೋಗಿ ಬೇರೆ ಮಾತುಗಳು ಬಂದಿದ್ದವು. ಉತ್ತರಗಳ ಪೆಟ್ಟಿಗೆಯಲ್ಲಿ ದಿನಾ ಓದುತ್ತಿದ್ದ ಅದೇ ಮಾತುಗಳು. ನಾನು ತಿರುಗಿ ನೋಡದೆ ಮೇಲೆ ಹತ್ತಿ, ಗೋಡೆಗೆ ಸೆರಗು ತಗುಲದಂತೆ ಹಿಡಿದುಕೊಂಡು, ಬೀದಿಗೆ ಬಂದೆ. ಅಂಗಡಿಯ ಮುಂದೆ ಯಾರೋ ಲೆಹೆಂಗಾ ಬಿಡಿಸಿ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಎದುರಿನ ಕೊಳಾಯಿಯಲ್ಲಿ ಮೊಣಕೈವರೆಗೂ ಕೈ ತೊಳೆದುಕೊಂಡೆ.

ಕರೋಲ್ ಬಾಗಿನ ಆ ಕಂಪನಿ ಕೆಲವೇ ವಾರಗಳಲ್ಲಿ ಮುಚ್ಚಿತು ಎಂದು ಕೇಳಿದೆ. ಲ್ಯಾಬಿನವರು ಸ್ವಂತ ಸರ್ವರ್ ಇಟ್ಟುಕೊಂಡು, ಆಮೇಲೆ ಅದನ್ನು ನೋಡಿಕೊಳ್ಳಲು ನನ್ನನ್ನೇ ಕರೆದರು. ಎರಡು ಸಲ ಬೇಡ ಎಂದು ಮೂರನೆಯ ಸಲ ಹೋದೆ. ಆ ತಾಯಿ ಹಬ್ಬ ಹುಣ್ಣಿಮೆಗೆ ಫೋನ್ ಮಾಡುತ್ತಿದ್ದರು. ಒಂದು ಸಲ ಹೇಳಿದರು: “ಇವರು ಈಗ ಆ ಹಾಳೆಗಳನ್ನ ಓದ್ತಾರೆ ಕಣಮ್ಮ. ಗಟ್ಟಿಯಾಗಲ್ಲ, ಮನಸ್ಸಲ್ಲೇ.” ಆಮೇಲೆ, “ಮೊದಲನೇದೊಂದು ಇದ್ದಿದ್ರೆ ಚೆನ್ನಾಗಿತ್ತು,” ಎಂದರು.

ಕೆಲವು ವರ್ಷಗಳ ಮೇಲೆ, ಜನಕಪುರಿಗೂ ಮೆಟ್ರೋ ಬಂದ ಮೇಲೆ, ಒಂದು ಸಂಜೆ ಗಾಡಿಯಲ್ಲಿ ಮಾಲೀಕ ಎದುರಿಗೇ ಸಿಕ್ಕ. ಅದೇ ಬಿಳಿ ಶರಟು, ಅದೇ ಸೆಂಟು, ಇನ್ನಷ್ಟು ದಪ್ಪಗಾಗಿದ್ದ. ಹಳೆಯದೇನೂ ನಡೆದೇ ಇಲ್ಲವೆಂಬಂತೆ ಹಲ್ಲು ಬಿಟ್ಟ.

“ಅರೇ ಮೇಡಂ! ಹೇಗಿದೀರಿ? ಮೇಲ್ ಕೆಲಸ ಎಲ್ಲ ಈಗ ಮುಗೀತು. ನಾನೀಗ ಎಸ್ಸೆಮ್ಮೆಸ್‌ನಲ್ಲಿದೀನಿ. ಮೇಲ್ ಆದ್ರೆ ಜನ ತೆರೀಬೇಕು, ಎಸ್ಸೆಮ್ಮೆಸ್ ತಾನಾಗೇ ಜೇಬಲ್ಲಿ ಕುಯ್ಯಂತದೆ. ಬರ್ತೀರಾ? ನಿಮ್ಮಂಥೋರು ಬೇಕು.” ವಿಸಿಟಿಂಗ್ ಕಾರ್ಡ್ ತೆಗೆದು ನನ್ನ ಕಡೆ ಚಾಚಿದ.

ನಾನು ಕೈ ನೀಡಲಿಲ್ಲ. ಚಾಚಿದ ಕೈಯನ್ನು ಅವನು ಹಾಗೇ ಇಟ್ಟುಕೊಂಡು ನಗುತ್ತ ನಿಂತಿದ್ದ. ಗಾಡಿ ನಿಂತು ಬಾಗಿಲು ತೆರೆಯಿತು. ನಮ್ಮ ನಿಲ್ದಾಣ ಇನ್ನೂ ಮುಂದಿತ್ತು. ಆದರೂ ಇಳಿದುಬಿಟ್ಟೆ, ಮುಂದಿನ ಗಾಡಿ ಬರುವ ತನಕ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ.